ದಿಬ್ಬದ ಮೇಲೆ ರೊನಾಲ್ಡ್

ಮದ್ದೂರಿನ ಕೆಂಪಣ್ಣ ಮಸ್ಕತ್ತಿನ ಒಂದು ಕಟ್ಟಡ ಕಂಪನಿಯಲ್ಲಿ ನಕ್ಷೆ ಬರೆಯುತ್ತಿದ್ದ. ಹೆಂಡತಿ ಊರಲ್ಲಿ. ಅಲ್ ಮಬೇಲಾ ಬಡಾವಣೆಯಲ್ಲಿ ಅವನ ಕೋಣೆಯ ಪಕ್ಕದ ಮನೆಯೇ ಉಡುಪಿ ಕಡೆಯ ರೊನಾಲ್ಡನದು. ಅವನೂ ಅದೇ ಕಂಪನಿಯವನು. ಶುಕ್ರವಾರದ ಊಟ ಕೆಂಪಣ್ಣನಿಗೆ ಅಲ್ಲೇ. ರೊನಾಲ್ಡನ ಹೆಂಡತಿ ಗ್ರೆಟ್ಟಾ ಕರೆಯದಿದ್ದರೂ ಹೋಗುವಷ್ಟು ಸಲಿಗೆ ಬೆಳೆದಿತ್ತು.

ತೊಂಬತ್ತೊಂದರ ಚಳಿಗಾಲದಲ್ಲಿ ಕೆಂಪಣ್ಣ ಉದ್ದ ಲೆನ್ಸಿನ ಕ್ಯಾಮೆರಾ ಕೊಂಡ. ಹೊಸ ವರ್ಷದ ಕ್ಯಾಲೆಂಡರಿಗೆ ನೌಕರರು ತೆಗೆದ ಫೋಟೊಗಳನ್ನೇ ಹಾಕುತ್ತಾರೆಂದು ಕಂಪನಿ ಹೇಳಿದ್ದೇ ತಡ, ಅವನಿಗೆ ನಿದ್ದೆ ಹಾರಿಹೋಯಿತು. ಒಂದು ಗುರುವಾರ ಗೆಳೆಯ ಕ್ಲಾರೆನ್ಸನ ಜೀಪಿನಲ್ಲಿ ರೊನಾಲ್ಡನೂ ಸೇರಿ ಮೂವರು ಬಿದಿಯಾ ಊರಿನಾಚೆಯ ಮರಳುಗಾಡಿಗೆ ಹೊರಟರು. ಕ್ಲಾರೆನ್ಸ್ ಜೀಪಿನ ಬಳಿಯೇ ಚಹಾ ಕಾಯಿಸಲು ಉಳಿದ. ಉಳಿದಿಬ್ಬರು ನಡೆದುಕೊಂಡು ದಿಬ್ಬಗಳ ನಡುವೆ ಹೋದರು.

ಸಂಜೆಯ ಬಿಸಿಲಿಗೆ ಒಂದು ದೊಡ್ಡ ದಿಬ್ಬ ಕೆಂಡದ ಬಣ್ಣಕ್ಕೆ ತಿರುಗಿತ್ತು.

"ಬರೀ ಮರಳು ತೆಗೆದ್ರೆ ಅದೆಷ್ಟು ದೊಡ್ಡದು ಅಂತ ಗೊತ್ತಾಗಲ್ಲ. ನೆತ್ತೀಲಿ ಒಬ್ಬ ಮನುಷ್ಯ ನಿಂತಿರ್ಬೇಕು" ಎಂದ ಕೆಂಪಣ್ಣ.

"ನಾನಾ ಮಾರಾಯ? ನನ್ನ ಹೊಟ್ಟೆ ನಿನ್ನ ಫೋಟೊದಲ್ಲಿ ಹಿಡೀತದಾ?" ರೊನಾಲ್ಡ್ ನಗುತ್ತಲೇ ಹತ್ತಲು ಹೊರಟ.

"ಆ ಕೆಂಪು ಚೀಲ ಇಲ್ಲೇ ಇಡು. ಕಣ್ಣಿಗೆ ಹೊಡೀತದೆ."

"ಅದರಲ್ಲಿ ದಮ್ಮಿನ ಪಂಪ್ ಉಂಟು."

"ಐದು ನಿಮಿಷ ಕಣಪ್ಪ. ಬಿಸಿಲು ಹೋಗ್ಬಿಡ್ತದೆ, ಯಲ್ಲಾ, ಬೇಗ ಹತ್ತು!"

ರೊನಾಲ್ಡ್ ಚೀಲ ಇಟ್ಟು ಹತ್ತಿದ. ಹೆಜ್ಜೆ ಇಟ್ಟಷ್ಟೂ ಮರಳು ಕೆಳಕ್ಕೆ ಜಾರುತ್ತಿತ್ತು. ನೆತ್ತಿ ತಲುಪುವಷ್ಟರಲ್ಲಿ ಗಾಳಿ ಎದ್ದು ದೂಳು ಹಾರಿತು. ಅವನು ಎರಡೂ ಕೈ ಮೇಲೆತ್ತಿ ಬೀಸಿದ. ಎಂಥ ಭಂಗಿ! ಕೆಂಪಣ್ಣ ಕ್ಲಿಕ್ಕಿಸಿದ. "ಹಾಗೇ ಇರು!" ಎಂದು ಕೂಗಿ, ಲೆನ್ಸ್ ತಿರುಗಿಸಿ ಹತ್ತಿರಕ್ಕೆ ತಂದ.

ರೊನಾಲ್ಡ್ ಮಂಡಿಯೂರಿದ್ದ. ಬಾಯಿ ತೆರೆದಿತ್ತು, ಕತ್ತಿನ ನರ ಉಬ್ಬಿತ್ತು, ಕಣ್ಣು ನೇರ ಇತ್ತಲೇ ನೋಡುತ್ತಿತ್ತು. ಕೆಂಪಣ್ಣನಿಗೆ ಎಲ್ಲವೂ ಅರ್ಥವಾಯಿತು. ಅರ್ಥವಾದ ಮೇಲೂ ಅವನ ಬೆರಳು ಇನ್ನೊಮ್ಮೆ ಒತ್ತಿತು. ಆಮೇಲಷ್ಟೇ ಚೀಲ ಎತ್ತಿಕೊಂಡು ಓಡಿದ.

ಪಂಪ್ ಬಾಯಿಗಿಟ್ಟ ಮೇಲೂ ರೊನಾಲ್ಡನ ಉಸಿರು ಹದಕ್ಕೆ ಬರಲು ಬಹಳ ಹೊತ್ತು ಹಿಡಿಯಿತು.

"ಕೈ ಬೀಸಿದೆ. ನಿನಗೆ ಗೊತ್ತಾಗ್ಲಿಲ್ಲ ಅಂತ ಕಾಣ್ತದೆ."

"ಪೋಸ್ ಕೊಡ್ತಿದೀಯ ಅಂದ್ಕೊಂಡೆ" ಎಂದ ಕೆಂಪಣ್ಣ. ಮೊದಲನೆಯ ಫೋಟೊದ ಮಟ್ಟಿಗೆ ಅದು ನಿಜವೇ ಆಗಿತ್ತು.

ದಾರಿಯುದ್ದಕ್ಕೂ ರೊನಾಲ್ಡ್ ಕ್ಲಾರೆನ್ಸನಿಗೆ, "ಇವ ಓಡಿ ಬಾರದಿದ್ರೆ ನಾನು ಖಲಾಸ್" ಎಂದು ಹೇಳಿದ್ದನ್ನೇ ಹೇಳಿದ. ಮರುದಿನ ಊಟಕ್ಕೆ ಕುಳಿತಾಗ ಗ್ರೆಟ್ಟಾ ಕಣ್ಣೀರು ತುಂಬಿಕೊಂಡು ದೊಡ್ಡ ತುಂಡು ಮೀನನ್ನು ಕೆಂಪಣ್ಣನ ತಟ್ಟೆಗೆ ಬಡಿಸಿದಳು. ಅವನು ಅದನ್ನು ತಟ್ಟೆಯ ಅಂಚಿಗೆ ಸರಿಸಿದ.

ಎರಡನೆಯ ಫೋಟೊವನ್ನು ಹರಿದು ಹಾಕಬೇಕೆಂದು ಅವನು ತೀರ್ಮಾನಿಸಿದ್ದ. ಆದರೆ ಅವನು ಹೋಗುವ ಮೊದಲೇ ರೊನಾಲ್ಡ್, ಫಿಲ್ಮ್ ತೊಳೆಯಲು ಕೊಟ್ಟಿದ್ದ ಸ್ಟುಡಿಯೊದಿಂದ ಎಲ್ಲ ಫೋಟೊಗಳನ್ನೂ ಬಿಡಿಸಿಕೊಂಡು ಬಂದು, ಲಕೋಟೆಯನ್ನು ಹೆಂಡತಿಯ ಕೈಗಿತ್ತು ಸ್ನಾನಕ್ಕೆ ಹೋಗಿದ್ದ. ಕೆಂಪಣ್ಣ ಬಾಗಿಲಿಗೆ ಬಂದಾಗ ಗ್ರೆಟ್ಟಾ ಒಂದೊಂದೇ ತಿರುವುತ್ತಿದ್ದಳು. ಒಂದರ ಮೇಲೆ ಅವಳ ಕೈ ನಿಂತಿತು.

"ಇದು ತೆಗೆಯುವಾಗ ನಿಮಗೆ ಇವರ ಮುಖ ಕಾಣ್ತಿತ್ತಾ?"

ಇಲ್ಲ ಎನ್ನಬಹುದಿತ್ತು. "ಕಾಣ್ತಿತ್ತು" ಎಂದ ಕೆಂಪಣ್ಣ.

ಅವಳು ಆ ಒಂದನ್ನು ತೆಗೆದಿಟ್ಟುಕೊಂಡು ಲಕೋಟೆಯನ್ನು ಅವನತ್ತ ನೂಕಿದಳು. ರೊನಾಲ್ಡ್ ತಲೆ ಒರೆಸುತ್ತ ಹೊರಬಂದು, "ಕ್ಯಾಲೆಂಡರಿಗೆ ನಂದೇ ಅಲ್ವಾ?" ಎಂದ.

"ಯಾವ್ದೂ ಕೊಡಲ್ಲ. ಸರಿಯಾಗಿ ಬಂದಿಲ್ಲ" ಎಂದು ಕೆಂಪಣ್ಣ ಅಲ್ಲಿಂದ ಹೊರಟು ಬಂದ.

ಮುಂದಿನ ಶುಕ್ರವಾರ ಅವನು ಕೋಣೆಯಲ್ಲೇ ಅನ್ನಕ್ಕಿಟ್ಟ. ಮಧ್ಯಾಹ್ನ ಬಾಗಿಲು ಬಡಿದದ್ದು ರೊನಾಲ್ಡ್. "ಎಂಥದು ಮಾರಾಯ, ಸಾರು ತಣ್ಣಗಾಯ್ತು. ಬಾ."

ಗ್ರೆಟ್ಟಾ ಗಂಡನಿಗೆ ಏನೂ ಹೇಳಿರಲಿಲ್ಲ. ಹೋಗದಿರಲು ಕೆಂಪಣ್ಣ ಕಾರಣ ಹುಡುಕಿದ. ಒಂದೂ ಸಿಗದೆ ಚಪ್ಪಲಿ ಮೆಟ್ಟಿ ಅವನ ಹಿಂದೆ ಹೋದ. ಗ್ರೆಟ್ಟಾ ಎಂದಿನಂತೆ ಬಡಿಸಿದಳು, ಆದರೆ ಅವನ ಮುಖ ನೋಡಲಿಲ್ಲ. ರೊನಾಲ್ಡ್ ದಿಬ್ಬದ ಕಥೆಯನ್ನು ಮತ್ತೊಮ್ಮೆ ಶುರುಮಾಡಿದ. ಕೆಂಪಣ್ಣ ತಟ್ಟೆಯಿಂದ ತಲೆ ಎತ್ತದೆ ಕೊನೆಯವರೆಗೂ ಕೇಳಿಸಿಕೊಂಡ.