ಸಿಮ್ಮಿನ ಗೂಡಿನ ಕುಂಕುಮ

ನಾನು ಒಂದು ಫೋನು. ಹುಟ್ಟಿದ್ದು ಯಾವ ಊರಿನ ಕಾರ್ಖಾನೆಯಲ್ಲೋ ಗೊತ್ತಿಲ್ಲ. ಹುಟ್ಟುವ ಗಳಿಗೆಯಲ್ಲಿ ಊರಿನ ಹೆಸರು ಕೇಳುವ ಪುರಸೊತ್ತು ಯಾರಿಗಿರುತ್ತದೆ? ನೆನಪಿರುವುದು ಇಷ್ಟೇ: ತಲೆಗೆ ಬಿಳಿ ಟೊಪ್ಪಿಗೆ ಹಾಕಿದ ಹೆಣ್ಣುಮಗಳೊಬ್ಬಳು ನನ್ನ ಬೆನ್ನು ಮುಚ್ಚುವ ಮೊದಲು ಸಿಮ್ಮು ಕೂರುವ ಗೂಡಿನೊಳಗೆ ಒಂದು ಬಿಳಿ ಚೀಟಿ ಅಂಟಿಸಿದಳು. ಎಳ್ಳುಕಾಳಿಗಿಂತ ತುಸು ದೊಡ್ಡದು. ನೀರು ತಾಗಿದರೆ ಅದು ಕೆಂಪಾಗುತ್ತದೆ. ಕೆಂಪಾಯಿತೋ, ತಪ್ಪೆಲ್ಲ ಫೋನು ಇಟ್ಟುಕೊಂಡವನದು, ವಾರಂಟಿ ಇಲ್ಲ. ಈ ಚೀಟಿಯನ್ನು ಸ್ವಲ್ಪ ನೆನಪಿಡಿ. ನನ್ನ ಬಾಳಿನ ರಗಳೆಯೆಲ್ಲ ಅದರಿಂದಲೇ ಆದದ್ದು.

ನನ್ನ ಮೊದಲ ಯಜಮಾನ ಹುಬ್ಬಳ್ಳಿಯ ಗುರುಶಾಂತಪ್ಪ, ಮದುವೆ ಕೂಡಿಸುವ ದಲ್ಲಾಳಿ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ಆ ಸಾವಿರವೂ ನನ್ನ ಮೂಲಕವೇ ಹೋಗಬೇಕು! "ಹುಡುಗ ಬಂಗಾರದಂಥಾವ ಅದಾನ್ರಿ, ಅಡಕಿ ಹೋಳು ಸುದ್ದಾ ಮುಟ್ಟಂಗಿಲ್ಲ" ಎಂದು ಆತ ನನ್ನೊಳಗೆ ಹೇಳುವಾಗ, ಆ ಬಂಗಾರದಂಥವನು ಎದುರಿಗೇ ಕೂತು ಗುಟಕಾ ಜಗಿಯುತ್ತಿದ್ದ. ಬೆಳಗಿನಿಂದ ಸಂಜೆವರೆಗೆ ಮಾತೇ ಮಾತು. ಕಿವಿ ಕಾದು ಹೋಗುತ್ತಿತ್ತು. ಆದರೂ ಸುಳ್ಳು ಹೇಳಬಾರದು, ನನಗೆ ಆ ಗದ್ದಲ ಹಿಡಿಸಿತ್ತು. ಎರಡು ವರ್ಷದ ಮೇಲೆ ಅವನು ದೊಡ್ಡ ಫೋನು ಕೊಂಡ. ನಾನು ಕೈಯಿಂದ ಕೈಗೆ ದಾಟಿ ಗದುಗಿನ ಶಿವಪುತ್ರನ ಅಂಗಡಿಯ ಗಾಜಿನ ಕಪಾಟು ಸೇರಿದೆ.

ಹಳೆಯ ಫೋನುಗಳನ್ನು ಮಾರುವುದು, ರಿಪೇರಿ ಮಾಡಿಸುವುದು ಶಿವಪುತ್ರನ ಕಸುಬು. ರಿಪೇರಿ ಮೇಜಿನ ಮುಂದೆ ಕೂರುತ್ತಿದ್ದವಳು ಮೈಮುನಾ. ದಸರೆಯ ಖಂಡೇ ಪೂಜೆಯ ಬೆಳಿಗ್ಗೆ ಶಿವಪುತ್ರ ತಿರುಪುಳಿ, ಚಿಮಟಿಗಳಿಗೆಲ್ಲ ಕುಂಕುಮ ಹಚ್ಚಿ, ಕಾಯಿ ಒಡೆದು ಏಳುವುದಕ್ಕೂ ಬೋಣಿಗೆಯ ಗಿರಾಕಿ ಬರುವುದಕ್ಕೂ ಸರಿಹೋಯಿತು. ಐವತ್ತು ದಾಟಿದ ಆಳು, ಗಲ್ಲದ ಮೇಲೆ ಸುಟ್ಟ ಕಲೆ. ಬೆಟಗೇರಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದ ಮಾಚಪ್ಪ. ಅವನು ಕೇಳಿದ್ದು ಒಂದೇ ಮಾತು: "ಇದರಾಗ ಮಾರಿ ಛಲೋ ಕಾಣತೈತೇನ್ರಿ?"

"ಕನ್ನಡಿ ಇದ್ದಂಗ ಕಾಣತೈತಿ ಕಾಕಾ. ಖಂಡೇ ಪೂಜಿ ದಿನಾ ತಗೊಳ್ಳಾಕತ್ತೀರಿ. ಆರು ತಿಂಗಳ ವಾರಂಟಿ. ಏನರ ಆದ್ರ ಬಂದು ನನ್ನ ಮೂಗು ಹಿಡೀರಿ" ಎಂದ ಶಿವಪುತ್ರ. ನನ್ನ ಬೆನ್ನಿಗೆ ಕುಂಕುಮದ ಬೊಟ್ಟಿಟ್ಟ. ಅದೇ ಬೆರಳಿನಲ್ಲಿ ಸಿಮ್ಮಿನ ಗೂಡಿನ ತಟ್ಟೆ ಎಳೆದು ಮಾಚಪ್ಪನ ಸಿಮ್ಮು ಕೂರಿಸಿದ. ಒಂದು ಚಿಟಿಕೆ ಕುಂಕುಮ ಒಳಗೆ ಉದುರಿ ಆ ಬಿಳಿ ಚೀಟಿಗೆ ಮೆತ್ತಿಕೊಂಡಿತು. ಸೀನು ಬಂದ ಹಾಗಾಯಿತು ನನಗೆ. ಫೋನಿಗೆ ಸೀನುವ ಯೋಗ ಎಲ್ಲಿದೆ?

ಮಾಚಪ್ಪನ ಅಂಗಡಿಗೆ ಬಂದ ಮೇಲೆ ನನ್ನ ಕಿವಿಯೇ ಕೆಟ್ಟಿತೇನೋ ಅಂದುಕೊಂಡೆ. ಮದುವೆಯಾಗದ ಒಂಟಿ ಜೀವ ಅವನದು. ಗಿರಾಕಿಗಳಿಗೆ "ಆತ್ರಿ", "ನಾಳಿ ಬರ್ರಿ" ಎಂಬ ಎರಡು ಮಾತು, ಮುಗಿಯಿತು. ಸಂಜೆ ಆರಕ್ಕೆ ಇಸ್ತ್ರಿ ಪೆಟ್ಟಿಗೆಯ ಕೆಂಡ ಆರಿಸಿ, ಕೈ ತೊಳೆದು, ಒರೆಸಿಕೊಂಡು, ಮಡಚಿಟ್ಟ ಬಟ್ಟೆಗಳಿಗೆ ನನ್ನನ್ನು ಆನಿಸಿ ನಿಲ್ಲಿಸುತ್ತಿದ್ದ. ನನ್ನ ಪರದೆಯ ಮೇಲೆ ಅವನಿಗಿಂತ ಹಿರಿಯಳಾದ ಹೆಂಗಸಿನ ಮುಖ ಮೂಡುತ್ತಿತ್ತು. ಆ ಕಡೆಯಿಂದ ಒಂದು ಮಾತಿಲ್ಲ, ಈ ಕಡೆಯಿಂದಲೂ ಇಲ್ಲ. ಬರೀ ಕೈಗಳು ಆಡುತ್ತಿದ್ದವು. ಅಯ್ಯೋ, ನನ್ನನ್ನು ಯಾಕಪ್ಪಾ ಕೊಂಡ ಈ ಮನುಷ್ಯ ಎಂದು ಮೊದಮೊದಲು ಬಹಳ ಬೇಸರಪಟ್ಟೆ.

ಆಮೇಲೆ ತಿಳಿಯಿತು. ಅವಳು ಅವನ ಅಕ್ಕ ನಿಂಬೆವ್ವ, ಹುಟ್ಟಿನಿಂದ ಕಿವಿ ಕೇಳಿಸದವಳು. ತಾಯಿ ತೀರಿದ ಮೇಲೆ ಮಾಚಪ್ಪನನ್ನು ಎತ್ತಿ ಆಡಿಸಿ ಬೆಳೆಸಿದವಳು. ಬಾಗಲಕೋಟೆಯ ಕಿವುಡ ಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳು. ಇಬ್ಬರಿಗೂ ಓದು ಬರಹ ಬಾರದು. ಚಿಕ್ಕಂದಿನಲ್ಲಿ ತಾವೇ ಕಟ್ಟಿಕೊಂಡ ಕೈಮಾತು ಅವರದು. ಮೂಗುಬೊಟ್ಟಿಗೆ ಬೆರಳಿಟ್ಟರೆ ಅವ್ವ. ಗಲ್ಲ ತಿಕ್ಕಿದರೆ ಮಾಚಪ್ಪ. ನನಗೂ ಒಂದು ಹೆಸರಿಟ್ಟರು: ಅಂಗೈಯನ್ನು ಮುಖದ ಮುಂದೆ ಹಿಡಿದು, ಆಮೇಲೆ ಎದೆಗೆ ಒತ್ತಿಕೊಳ್ಳುವುದು. ಗುರುಶಾಂತಪ್ಪ ನನ್ನನ್ನು ಎಷ್ಟೋ ಸಲ 'ಡಬ್ಬಿ' ಎಂದು ಬೈದಿದ್ದ. ಹೆಸರಿಟ್ಟವರು ಇವರೇ ಮೊದಲು.

ದಿನಕ್ಕೊಂದರಂತೆ ಅವರ ಮಾತು ಕಲಿತೆ. ಇವತ್ತು ಸಾರು ಸೀದಿತು ಅನ್ನುವಳು ಅವಳು. ಮಾಸ್ತರರ ಅಂಗಿಯ ಕಾಲರು ಸುಟ್ಟೆ ಅನ್ನುವನು ಇವನು. ಅವಳು ತಲೆ ಚಚ್ಚಿಕೊಂಡು ನಗುವಳು. ಇಡೀ ದಿನ ಯಾರ ಜೊತೆಗೂ ಬೆರೆಯದ ಮಾಚಪ್ಪ ಆ ಅರ್ಧ ತಾಸು ಮಗುವಾಗಿಬಿಡುತ್ತಿದ್ದ. ಅಕ್ಕನ ವಿಷಯ ಮಾತ್ರ ಹೊರಗೆ ಯಾರಿಗೂ ಹೇಳುತ್ತಿರಲಿಲ್ಲ. ಹುಡುಗನಾಗಿದ್ದಾಗ ಓಣಿಯಲ್ಲಿ 'ಮೂಕಿ' ಎಂದವರಿಗೆಲ್ಲ ಹೊಡೆದು, ತಾನೂ ಹೊಡೆಸಿಕೊಂಡು ಮನೆಗೆ ಬರುತ್ತಿದ್ದನಂತೆ. ಆ ಮಾತು ಮತ್ತೆ ಕಿವಿಗೆ ಬೀಳುವುದು ಅವನಿಗೆ ಬೇಡವಾಗಿತ್ತು.

ಮೂರನೇ ತಿಂಗಳು ಒಂದು ಮಧ್ಯಾಹ್ನ ನನ್ನ ಪರದೆ ಕಪ್ಪಾಯಿತು. ಒಳಗಿನ ತೆಳು ಪಟ್ಟಿಯೊಂದು ಕಚ್ಚಿಕೊಂಡ ಜಾಗದಿಂದ ಜಾರಿತ್ತು. ಜೀವ ಇತ್ತು, ಮುಖ ಇರಲಿಲ್ಲ. ಆರಕ್ಕೆ ನಿಂಬೆವ್ವ ಕರೆದಳು. ನಾನು ಹಲಗೆಯ ಮೇಲೆ ಗಡಗಡ ನಡುಗಿದೆ. ಮಾಚಪ್ಪ ಎತ್ತಿಕೊಂಡು ಎಲ್ಲೆಲ್ಲೋ ಒತ್ತಿದ, ಉಜ್ಜಿದ. ಕೊನೆಗೆ ನನ್ನನ್ನು ಬಾಯಿಯ ಹತ್ತಿರ ಹಿಡಿದು "ಅಕ್ಕಾ, ಅಕ್ಕಾ" ಎಂದು ಕೂಗಿದ. ಯಾರಿಗೆ ಕೇಳಬೇಕು?

ಮರುದಿನ ಶಿವಪುತ್ರ ಗೂಡಿನ ತಟ್ಟೆ ಎಳೆದು ಬೆಳಕು ಬಿಟ್ಟು ನೋಡಿದ. "ಚೀಟಿ ಕೆಂಪ ಆಗೇತಿ ಕಾಕಾ. ನೀರ ಹೊಕ್ಕೈತಿ. ವಾರಂಟಿ ಬರಂಗಿಲ್ಲ."

"ನೀರ ಮುಟ್ಟಿಲ್ರಿ ಇದಕ್ಕ. ದೇವರಾಣಿ."

"ಇಸ್ತ್ರಿ ಮಾಡಾವ್ರು ನೀವು. ದಿನಾ ಅರಿವಿಗೆ ನೀರ ಚಿಮುಕಿಸಾವ್ರು. ನಿಮ್ಮ ಫೋನಿಗೆ ನೀರ ಮುಟ್ಟಿಲ್ಲಂದ್ರ ಮೀನಕ್ಕ ಮುಟ್ಟಿಲ್ಲಂದಂಗ ಆತು!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನೀರಲ್ಲವೋ ಮಾರಾಯ, ನಿನ್ನ ಬೆರಳಿನ ಕುಂಕುಮ ಅದು ಎಂದು ನಾನು ಒಳಗೇ ಬಡಕೊಂಡೆ. ಸಾವಿರ ಸುಳ್ಳು ಸಾಗಿಸಿದ ನನ್ನಿಂದ ಒಂದು ನಿಜ ಹೊರಡಲಿಲ್ಲ. ಮಾಚಪ್ಪ ವಾದಕ್ಕಿಳಿಯುವ ಆಳಲ್ಲ. "ನೋಡ್ರಿ ಇನ್ನೊಮ್ಮೆ. ಸಿಮ್ಮ ತಗೀಬ್ಯಾಡ್ರಿ. ನಾಳಿ ಬರ್ತೀನಿ" ಎಂದು ಹೋದ.

ನಾಳೆ ಬಂದ, ನಾಡಿದ್ದು ಬಂದ. ಇವತ್ತೇ ಸರಿಹೋದೀತು ಎಂಬ ಆಸೆಯಿಂದ ಬಾಗಲಕೋಟೆಗೂ ಹೋಗಲಿಲ್ಲ. ಬೇರೆಯವರ ಫೋನು ಕೇಳಿದರೆ ಅಕ್ಕನ ವಿಷಯ ಹೇಳಬೇಕಾಗುತ್ತದೆಂದು ಅದನ್ನೂ ಕೇಳಲಿಲ್ಲ. ಬಂದಾಗಲೆಲ್ಲ ಅದೇ ಮೀನಿನ ಮಾತು, ಅದೇ ನಗು. ನಾನು ಮೇಜಿನ ಖಾನೆಯಲ್ಲಿ ಬಿದ್ದಿದ್ದೆ. ಮೈಮುನಾ ಪಾಪ, ದಿನಕ್ಕೊಮ್ಮೆ ಚಾರ್ಜಿಗೆ ಹಾಕುತ್ತಿದ್ದಳು. ಆರಾಯಿತೆಂದರೆ ನಡುಗುತ್ತಿದ್ದೆ: ಒಮ್ಮೆ, ಮತ್ತೊಮ್ಮೆ, ಮಗದೊಮ್ಮೆ. ಏಳನೆಯ ದಿನ ಆರಾಯಿತು, ಏಳಾಯಿತು, ನಡುಕ ಬರಲಿಲ್ಲ. ಎಂಟನೆಯ ದಿನವೂ ಇಲ್ಲ. ಅವಳು ಕರೆಯುವುದನ್ನು ಬಿಟ್ಟಿದ್ದಳು. ಅಷ್ಟು ಒಂಟಿತನವನ್ನು ನಾನು ಅಂಗಡಿಯ ಕಪಾಟಿನಲ್ಲೂ ಕಂಡಿರಲಿಲ್ಲ.

ಒಂಬತ್ತನೆಯ ದಿನ ಶುಕ್ರವಾರ. ಮಾಚಪ್ಪ ಬಂದು ವಾರಂಟಿ ಕಾರ್ಡು ಮೇಜಿನ ಮೇಲಿಟ್ಟ. ಶಿವಪುತ್ರನಿಗೂ ಸಾಕಾಗಿತ್ತು. "ಎಷ್ಟ ಸಲ ಹೇಳೂದು ಕಾಕಾ? ಮಾತಾಡೂದಿದ್ರ ತಗೋರಿ ನನ್ನ ಫೋನು, ಮಾತಾಡ್ರಿ."

"ಮಾತಾಡಾಕಲ್ಲೋ ತಮ್ಮಾ!" ಮಾಚಪ್ಪನ ದನಿ ಒಡೆಯಿತು. "ನಮ್ಮಕ್ಕ ಮೂಕಿ ಅದಾಳ. ಆಕಿಗೆ ನನ್ನ ಮಾರಿ ಕಾಣಬೇಕು. ಒಂಬತ್ತ ದಿನಾ ಆತು. ನಾ ಸತ್ತೇನಿ ಅಂತ ತಿಳಕೊಂಡಿರ್ತಾಳ."

ಯಾವ ಮಾತಿಗಾಗಿ ಊರನ್ನೇ ಹೊಡೆದಿದ್ದನೋ ಅದು ಅವನ ಬಾಯಿಂದಲೇ ಬಂತು. ಯಾರೂ ನಗಲಿಲ್ಲ.

ಮೈಮುನಾ ಖಾನೆ ಎಳೆದು ನನ್ನನ್ನು ತೆಗೆದಳು. ಗೂಡಿನ ತಟ್ಟೆ ಹೊರಗೆಳೆದು, ಸೂಜಿಯ ತುದಿಗೆ ಅರಳೆ ಸುತ್ತಿ ಒಳಗೆ ಒರೆಸಿದಳು. ಅರಳೆ ಕೆಂಪಾಯಿತು, ಚೀಟಿ ಬೆಳ್ಳಗಾಯಿತು. "ನೀರಾಗಿದ್ರ ಒರಿಸಿದ್ರ ಹೋಗತಿದ್ದಿಲ್ಲ. ಇದು ಕುಂಕುಮ. ಅಣ್ಣಾರ, ಖಂಡೇ ಪೂಜಿ ದಿನಾ ಇದಕ್ಕ ಕುಂಕುಮ ಹಚ್ಚಿ ಸಿಮ್ಮ ಹಾಕಿದವ್ರು ಯಾರು?"

ಶಿವಪುತ್ರ ತನ್ನ ಬೆರಳು ನೋಡಿಕೊಂಡ. ಶುಕ್ರವಾರದ ಪೂಜೆಯ ಕುಂಕುಮ ಇನ್ನೂ ಮೆತ್ತಿಕೊಂಡೇ ಇತ್ತು. "ತಪ್ಪಾತು ಕಾಕಾ. ಮೂಗು ಹಿಡೀರಿ ಅಂದಿದ್ದೆ, ಹಿಡೀರಿ" ಎಂದು ಮುಖ ಮುಂದೆ ಚಾಚಿದ.

"ನಿನ್ನ ಮೂಗು ನಿನ್ನಂತೇಕ ಇರ್ಲಿ. ಫೋನ್ ಹಚ್ಚು ಮೊದಲು."

ಮೈಮುನಾ ಜಾರಿದ ಪಟ್ಟಿಯನ್ನು ಕಚ್ಚಿಸಿದಳು. ಹೊತ್ತೇನೂ ಹಿಡಿಯಲಿಲ್ಲ. ಒಂಬತ್ತು ದಿನದ ಕೆಲಸವಾಗಿರಲಿಲ್ಲ ಅದು. ಮಾಚಪ್ಪ ಅಲ್ಲೇ ಮೇಜಿನ ಮೇಲೆ ನನ್ನನ್ನು ನಿಲ್ಲಿಸಿ ಕರೆದ. ನಿಂಬೆವ್ವನ ಮುಖ ಮೂಡಿತು. ಅವನನ್ನು ಕಂಡದ್ದೇ ಗಲ್ಲ ತಿಕ್ಕಿದಳು, ಮೂಗುಬೊಟ್ಟು ಮುಟ್ಟಿದಳು, ಕೈ ಮೇಲೆತ್ತಿದಳು. ನೀನೂ ಅವ್ವನ ಹಾದಿ ಹಿಡಿದೆ ಅಂದುಕೊಂಡೆ ಎಂದು. ಮಾಚಪ್ಪ ಹತ್ತು ಜನರ ನಡುವೆ ಅಳುತ್ತ ಕೈ ಆಡಿಸಿದ.

"ಏನಂತಾರ್ರಿ ಅಕ್ಕಾರು?" ಎಂದು ಶಿವಪುತ್ರ ಮೆಲ್ಲಗೆ ಕೇಳಿದ.

"ಬೈಯಾಕತ್ತಾಳ" ಎಂದ ಮಾಚಪ್ಪ, ಕಣ್ಣೊರೆಸಿಕೊಂಡು.

ಇದೆಲ್ಲ ಆಗಿ ನಾಲ್ಕು ವರ್ಷ. ಹೋದ ವರ್ಷ ನಿಂಬೆವ್ವ ಹಾಸ್ಟೆಲಿನ ಕೆಲಸ ಬಿಟ್ಟು ಬೆಟಗೇರಿಗೇ ಬಂದಳು. ಈಗ ಸಂಜೆ ಆರಕ್ಕೆ ಅಕ್ಕ ತಮ್ಮ ಕಟ್ಟೆಯ ಮೇಲೆ ಎದುರುಬದುರು ಕೂರುತ್ತಾರೆ. ನನ್ನ ಹಂಗೇಕೆ ಅವರಿಗೆ? ಸಂತೋಷವಾಯಿತು ಎಂದರೆ ಅರ್ಧ ನಿಜ. ಉಳಿದರ್ಧ ಹೊಟ್ಟೆಕಿಚ್ಚು. ಬ್ಯಾಟರಿ ಉಬ್ಬಿ ನಾನೂ ಕೆಲಸಕ್ಕೆ ಬಾರದವನಾದೆ. ಗಿರಾಕಿಗಳ ಕಿಸೆಯಲ್ಲಿ ಸಿಕ್ಕ ಗುಂಡಿ, ಪಿನ್ನುಗಳ ಜೊತೆ ತಗಡಿನ ಡಬ್ಬಿಯಲ್ಲಿದ್ದೇನೆ. ಲೋಕದಲ್ಲಿ ಇಬ್ಬರೇ ಆಡುವ ಮಾತನ್ನು ನಾನು ಕಲಿತಿದ್ದೇನೆ. ಆದರೆ ಅದನ್ನಾಡಲು ನನಗೆ ಕೈಗಳಿಲ್ಲ.

ಈ ವರ್ಷದ ಖಂಡೇ ಪೂಜೆಗೆ ಮಾಚಪ್ಪ ನನ್ನನ್ನು ಹೊರತೆಗೆದು ಇಸ್ತ್ರಿ ಪೆಟ್ಟಿಗೆಯ ಪಕ್ಕ ಇಟ್ಟ. ಕುಂಕುಮ ಹಚ್ಚಲು ಕೈ ಚಾಚಿದಾಗ ನಿಂಬೆವ್ವ ಅವನ ಮುಂಗೈ ಹಿಡಿದಳು. ಮೊದಲು ತನ್ನ ಹೆಬ್ಬೆರಳಿನಿಂದ ಸಿಮ್ಮಿನ ಗೂಡಿನ ಬಾಯಿ ಮುಚ್ಚಿ, ಈಗ ಹಚ್ಚು ಎಂದು ತಲೆಯಾಡಿಸಿದಳು. ಅವನು ನಕ್ಕು ಬೆನ್ನಿಗೆ ಬೊಟ್ಟಿಟ್ಟು ಕಾಯಿ ಒಡೆಯಲು ಎದ್ದುಹೋದ. ಅವಳು ನನ್ನೆದುರು ಕೂತೇ ಇದ್ದಳು. ಆಮೇಲೆ ಅಂಗೈಯನ್ನು ಮುಖದ ಮುಂದೆ ಹಿಡಿದು, ಎದೆಗೆ ಒತ್ತಿಕೊಂಡಳು.

ನನ್ನ ಹೆಸರು ಕರೆದಳು. 'ಓ' ಅನ್ನಲು ನನ್ನಲ್ಲಿ ಕರೆಂಟು ಇರಲಿಲ್ಲ.