ಬೋನಪ್ಪನ ನೀಲಿ ಅಂಗಿ

ಎಲ್ಲರ ಬಾಯಲ್ಲೂ ಅವನು ಬೋನಪ್ಪ. ಇಪ್ಪತ್ತು ವರ್ಷದಿಂದ ಇಲಿ ಹಿಡಿಯುವುದೇ ಕಸುಬು. ಅಂಥವನ ಸ್ವಂತ ಅಕ್ಕನ ಬೇಕರಿಯಲ್ಲೇ ಇಲಿಕಾಟ ಅಂದರೆ ನಾಚಿಕೆಗೇಡಲ್ಲವೇ? ಅದೂ ಗುರುವಾರ ಹನ್ನೊಂದಕ್ಕೆ ಆಹಾರ ಇಲಾಖೆಯ ಇನ್‌ಸ್ಪೆಕ್ಟರ್ ಬರುವವನಿದ್ದ. ಒಂದೇ ಒಂದು ಇಲಿ ಅವನ ಕಣ್ಣಿಗೆ ಬಿದ್ದರೂ ಬೇಕರಿಗೆ ಬೀಗ.

ಬೋನಪ್ಪ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಹಿಟ್ಟಿನ ಕೋಣೆ ತುಂಬ ಒಂಬತ್ತು ಬೋನು ಇಟ್ಟ. ಇಲಿಗಳು ಒಂದಕ್ಕೂ ಬೀಳಲಿಲ್ಲ. ವಿಷದ ಬಿಸ್ಕತ್ತನ್ನು ಮೂಸಿಯೂ ನೋಡದೆ, ಪಕ್ಕದ ಒಳ್ಳೆಯದನ್ನು ಮಾತ್ರ ತಿಂದು ಹೋಗಿದ್ದವು.

“ನಿನ್ನ ಕೈಚಳಕ ಎಲ್ಲಿ ಹೋಯ್ತೋ?” ಅಕ್ಕ ಛೇಡಿಸಿದಳು. ಮುಖ ಮಾತ್ರ ಬಿಳಿಚಿಕೊಂಡಿತ್ತು.

“ತಪ್ಪು ನಂದೇ ಕಣಕ್ಕ. ಬೋನಿಗೆ ಬಿದ್ದಿದ್ದೆಲ್ಲ ಪೆದ್ದು ಇಲಿ. ಹುಷಾರಾದವು ಉಳಿದು ಮರಿ ಹಾಕಿದವು. ಪೆದ್ದುಗಳನ್ನೆಲ್ಲ ಕೊಂದು, ಬುದ್ಧಿವಂತರಿಗೆ ಮದುವೆ ಮಾಡಿಸಿದವನು ನಾನೇ!”

“ಭೇಷ್! ಮದುವೆ ಊಟ ನನ್ನ ಬೇಕರೀದು. ಆದ್ರೆ ನೋಡು, ನಿನ್ನ ಬೆವರಿನ ವಾಸನೆ ಬಂದ್ರೆ ಸಾಕು, ಎದ್ದೆನೋ ಬಿದ್ದೆನೋ ಅಂತ ಓಡ್ತವೆ.”

ಬೋನಪ್ಪನಿಗೆ ತಟ್ಟನೆ ಹೊಳೆಯಿತು. ಒಗೆಯದ ಅಂಗಿಗಳನ್ನೆಲ್ಲ ಹೊತ್ತು ತಂದು ಒಂದೊಂದು ಬಿಲಕ್ಕೂ ಒಂದೊಂದು ತುರುಕಿದ. ಎರಡು ದಿನ ಇಲಿಗಳ ಸುಳಿವೇ ಇಲ್ಲ. ಆದರೂ ಅವನಿಗೆ ನಂಬಿಕೆ ಬರಲಿಲ್ಲ. ಗಳಿಗೆಗೊಮ್ಮೆ ಹೋಗಿ ಅಂಗಿ ಎಣಿಸಿ ಬರುತ್ತಿದ್ದ.

ಗುರುವಾರ ಹತ್ತೂಮುಕ್ಕಾಲಿಗೆ ಒಂದು ಕಡಿಮೆಯಿತ್ತು. ನೀಲಿಯದು. ಹುಡುಕಿ ಹುಡುಕಿ ಒಲೆಯ ಹಿಂದಿನ ಬೆಚ್ಚನೆ ಸಂದಿಯಲ್ಲಿ ನೋಡಿದರೆ, ಅಂಗಿಯೊಳಗೆ ಆರು ಮರಿ! ಇನ್ನೂ ಕಣ್ಣು ಬಿಟ್ಟಿಲ್ಲ.

“ಅಯ್ಯೋ, ನಿಮ್ಮ ಮನೆ ಹಾಳಾಗ!” ಬೋನಪ್ಪ ಚಪ್ಪಲಿ ಎತ್ತಿದ. ಹೊರಗೆ ಇನ್‌ಸ್ಪೆಕ್ಟರನ ಸ್ಕೂಟರ್ ನಿಂತ ಸದ್ದಾಯಿತು. ಒಂದು ಮರಿ ಅಂಗಿಯ ಕಂಕುಳಿಗೇ ಮೂತಿ ತೂರಿಸಿ ನಿದ್ದೆಹೋಯಿತು. ಎತ್ತಿದ ಚಪ್ಪಲಿ ಇಳಿಯಲಿಲ್ಲ. ತನ್ನ ಮೇಲೆ ತನಗೇ ಸಿಟ್ಟು ಬಂದು, ಎಲ್ಲವನ್ನೂ ಗಂಟು ಕಟ್ಟಿ ಹಿತ್ತಿಲ ಬಾಗಿಲಿಗೆ ನುಗ್ಗಿದ.

ಅಷ್ಟರಲ್ಲಿ ಅಕ್ಕನ ಹಿಂದೆಯೇ ಇನ್‌ಸ್ಪೆಕ್ಟರ್ ಒಳಬಂದ. “ಏನ್ರೀ ಅದು?”

“ಒಗೆಯೋ ಬಟ್ಟೆ ಸಾರ್.”

ಗಂಟು ಚೀಂವ್ ಎಂದಿತು. ಅದೇ ಕ್ಷಣ ಅಕ್ಕ ಬ್ರೆಡ್ಡಿನ ತಟ್ಟೆಗಳನ್ನು ಧಡಾರನೆ ಬೀಳಿಸಿದಳು. ಇನ್‌ಸ್ಪೆಕ್ಟರ್ ಅತ್ತ ತಿರುಗಿದ, ಬೋನಪ್ಪ ಹೊರಬಿದ್ದ.

ಹಿಂದಿನ ಪಾಳು ಗೋಡೆಯ ಬಳಿ ಗಂಟು ಬಿಚ್ಚಿಟ್ಟು ತಿರುಗಿದರೆ, ಹಿಂದೆಯೇ ಹರುಕು ಕಿವಿಯ ತಾಯಿ ಇಲಿ. ವರ್ಷವಿಡೀ ಅವನ ಬೋನುಗಳಿಗೆ ಚಳ್ಳೆಹಣ್ಣು ತಿನ್ನಿಸಿದವಳು. ಅವನ ಕಾಲಿಂದ ಎರಡೇ ಗೇಣು ದೂರದಲ್ಲಿ ಗಡಗಡ ನಡುಗುತ್ತ ನಿಂತಿದ್ದಳು, ಓಡಲಿಲ್ಲ. ಬೋನಪ್ಪನೇ ದಾರಿ ಬಿಟ್ಟ. ಅವಳು ಒಂದೊಂದೇ ಮರಿಯನ್ನು ಕಚ್ಚಿಕೊಂಡು ಗೋಡೆಯ ಬಿರುಕಿಗೆ ಸಾಗಿಸಿದಳು.

ಇನ್‌ಸ್ಪೆಕ್ಟರ್ ಸಹಿ ಹಾಕಿ ಹೋದ. ಅಕ್ಕ ತಮ್ಮನ ಕೈ ಹಿಡಿದು ಅತ್ತೇಬಿಟ್ಟಳು. “ಬದುಕಿದೆ ಕಣೋ! ಮುಂದಿನ ಸಲಕ್ಕೂ ನಿನ್ನ ಅಂಗಿ ಒಗೀಬೇಡ.”

ಬೋನಪ್ಪ ನಗಲಿಲ್ಲ. “ಆ ಮರಿಗಳು ಕಣ್ಣು ಬಿಡೋ ಮೊದಲೇ ನನ್ನ ವಾಸನೇಲಿ ಹಾಲು ಕುಡಿದಿವೆ ಅಕ್ಕ. ದೊಡ್ಡವಾದ ಮೇಲೆ ಅದನ್ನೇ ಹುಡುಕ್ಕೊಂಡು ಬರ್ತವೆ.”