ನಲವತ್ತೊಂದನೆಯ ದಿನ

ಕ್ಷಯದ ಹೊಸ ಔಷಧಗಳನ್ನು ಇಲಿಗಳಿಗೆ ಕೊಟ್ಟು ನೋಡುವ ಆ ಕೋಣೆಯಲ್ಲಿ ಅವನು ಇಪ್ಪತ್ತೆರಡು ವರ್ಷ ಸವೆಸಿದ್ದ. ಎಲ್ಲರೂ ಅವನನ್ನು ಇಲಿಮಾಮ ಎನ್ನುತ್ತಿದ್ದರು. ಕೊಯ್ದು ಪರೀಕ್ಷಿಸಲು ಕೊಲ್ಲುವ ದಿನ ಬಂದರೆ ಒಂದೊಂದು ಇಲಿಯನ್ನೂ ಅಂಗೈಯಲ್ಲಿಟ್ಟುಕೊಂಡು, 'ದೇವರೇ, ಈ ಜೀವ ದಂಡವಾಗದಿರಲಿ' ಎಂದ ಮೇಲೆಯೇ ಮುಂದಿನ ಕೆಲಸಕ್ಕೆ ಕೈಹಾಕುತ್ತಿದ್ದ.

ಅಂದು ಬೆಳಿಗ್ಗೆ ಪಂಜರಗಳ ಚೀಟಿ ನೋಡಿ ಅವನಿಗೆ ಮೈಯೆಲ್ಲ ಉರಿದುಹೋಯಿತು. ಔಷಧ ನಿಲ್ಲಿಸಿದ ಮೇಲೆ ಇಲಿಗಳನ್ನು ತೊಂಬತ್ತು ದಿನ ಸುಮ್ಮನೆ ಸಾಕಬೇಕು; ಒಳಗೆ ಅವಿತ ರೋಗ ಮರಳುವುದಿದ್ದರೆ ಆಗ ಮರಳುತ್ತದೆ. ಇದಿನ್ನೂ ನಲವತ್ತೊಂದನೆಯ ದಿನ. ಹಳೆಯ ಚೀಟಿಗಳ ಮೇಲೆ ಯಾರೋ ಹೊಸದನ್ನು ಅಂಟಿಸಿ ಕೊಲ್ಲುವ ದಿನವೆಂದು ಇವತ್ತಿನ ತಾರೀಖು ಬರೆದಿದ್ದರು.

ಗಾಜಿನಾಚೆ ದೊಡ್ಡ ಡಾಕ್ಟರು ನಿಂತಿದ್ದರು. ಅವರು ಒಳಗೆ ಕಾಲಿಟ್ಟು ವರ್ಷಗಳಾಗಿದ್ದವು. ಮಾತೆಲ್ಲ ಗೋಡೆಯ ಸ್ಪೀಕರಿನಲ್ಲೇ.

"ಶುರು ಮಾಡಿ ಇಲಿಮಾಮ. ಮುಂದಿನ ವಾರ ಸಭೆ. ಫಲಿತಾಂಶ ಬೇಕು."

"ದಿನ ತುಂಬಿಲ್ಲ ಡಾಕ್ಟ್ರೇ."

"ಹೇಗೆ ಕೊಬ್ಬಿವೆ ನೋಡಿ. ನಿಮಗಿಂತ ಗಟ್ಟಿಯಾಗಿವೆ."

"ನನ್ನ ಮಗಳೂ ಹಾಗೇ ಇದ್ದಳು."

ಮಗಳ ಕ್ಷಯದ ಔಷಧ ಮುಗಿದಾಗ ಇಂಥವರೇ ಒಬ್ಬರು, ವಾಸಿಯಾಯಿತು ಎಂದು ಬೆನ್ನು ತಟ್ಟಿ ಮನೆಗೆ ಕಳಿಸಿದ್ದರು. ಎರಡು ತಿಂಗಳು ಅವಳು ಮೈತುಂಬಿಕೊಂಡಳು. ಅಪ್ಪನ ಅಂಗಿ ಇಲಿ ನಾತ ಎಂದು ಮೂಗು ಮುಚ್ಚಿ ನಕ್ಕಳು. ಮೂರನೆಯ ತಿಂಗಳು ಕೆಮ್ಮು ಮರಳಿತು. ಅವಳ ಹಾಸಿಗೆ ಸುತ್ತಿಟ್ಟು ಈಗ ಎಂಟು ತಿಂಗಳು.

"ನಿಮ್ಮ ಸಂಕಟ ಗೊತ್ತು," ಎಂದರು ಡಾಕ್ಟರು. "ಆದರೆ ಇವು ಇಲಿಗಳು."

"ಇಲಿ ಅಂತ ನನಗೆ ಹೇಳಿಕೊಡ್ತೀರಾ? ಇವನ್ನ ಈಗಲೇ ಕೊಂದು, ರೋಗ ಮರಳಲಿಲ್ಲ ಅಂತ ಬರೀತೀರಿ. ನಾಳೆ ಯಾರದೋ ಮಗಳು ಅದನ್ನ ನಂಬಿ ಮಾತ್ರೆ ನುಂಗ್ತಾಳೆ. ದೇವರ ಮುಂದೆ ನನ್ನ ಬಾಯಲ್ಲಿ ಸುಳ್ಳು ಹೇಳಿಸ್ಬೇಡಿ."

"ಹಾಗಾದ್ರೆ ಬಿಡಿ. ಬೇರೆಯವರು ಮಾಡ್ತಾರೆ."

"ಬೇರೆಯವರು ಯಾಕೆ? ನೀವೇ ಬನ್ನಿ. ಅಂಗಿ, ಮುಸುಕು ಬಾಗಿಲ ಹತ್ರಾನೇ ಇದೆ. ಹಿಡಿಯೋದು ಹೇಗೆ ಅಂತ ನಾನು ತೋರಿಸ್ತೀನಿ."

ಡಾಕ್ಟರು ಮೊಳೆಗೆ ನೇತುಹಾಕಿದ್ದ ಅಂಗಿಯತ್ತ ನೋಡಿದರು, ಆಮೇಲೆ ಗಡಿಯಾರದತ್ತ. ಸ್ಪೀಕರು ಟಕ್ಕೆಂದು ಆರಿತು.

ಅವನು ಹೊಸ ಚೀಟಿಗಳನ್ನೆಲ್ಲ ಉಗುರಿನಿಂದ ಕಿತ್ತು, ದಿನಚರಿ ಪುಸ್ತಕ ತೆರೆದ. ಅದರ ಹಾಳೆ ಹರಿಯುವಂತಿರಲಿಲ್ಲ. ಫಲಿತಾಂಶದ ಜೊತೆ ಅದೂ ಸಭೆಗೆ ಹೋಗಲೇಬೇಕು. ಅಕ್ಷರ ಹಾಳೆಯ ಹಿಂದೆ ಮೂಡುವಷ್ಟು ಒತ್ತಿ ಬರೆದ: 'ನಲವತ್ತೊಂದನೆಯ ದಿನ. ಎಲ್ಲವೂ ಜೀವಂತ. ಕೊಲ್ಲಲು ದೊಡ್ಡ ಡಾಕ್ಟರು ಹೇಳಿದರು. ನಾನು ಕೊಲ್ಲಲಿಲ್ಲ.'

ರುಜು ಹಾಕಿ, ನೀರಿನ ಸೀಸೆಗಳನ್ನು ತುಂಬಿಸಲು ಎದ್ದ.